ಪೈಲಟ್ ಆಗೋಕೆ ಎಷ್ಟು ಇಂಗ್ಲೀಷು ಬೇಕು?

ಮೊನ್ನೆ ಊರಿಗೆ, ಅಂದ್ರೆ ಪುರ್ತಗೇರಿಗೆ ಹೋಗಿದ್ದೆ. ಅಕ್ಕನ ಮಗ ಪಿಯುಸಿ ಸೈನ್ಸ್ ಓದ್ತಿದ್ದಾನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ರಾತ್ರಿ ಊಟ ಆದ ಮೇಲೆ ಮಾಳಿಗೆ ಮೇಲೆ ಕೂತಿದ್ದಾಗ ಮೆಲ್ಲಗೆ ಕೇಳಿದ:

"ಮಾಮಾ, ಪೈಲಟ್ ಆಗಬೇಕಂದ್ರ ಇಂಗ್ಲೀಷ್ ಪರೀಕ್ಷಾ ಬ್ಯಾರೆನ ಇರತೈತಂತ. ನಮ್ಮಂಥಾವ್ರಿಗೆ ಅದು ಆಗೂದಿಲ್ಲಂತ, ಖರೇನ ಏನ್ರಿ?"

ಯಾರಪ್ಪಾ ಹೇಳಿದ್ದು ಅಂದ್ರೆ, "ಎಲ್ಲಾರೂ ಹಂಗ ಅಂತಾರ್ರಿ" ಅಂದ. ಈ 'ಎಲ್ಲಾರೂ' ಅನ್ನೋ ಮನುಷ್ಯ ನಮ್ಮ ಹಳ್ಳಿ ಹುಡುಗರನ್ನ ಎಷ್ಟು ಹೆದರಿಸಿದ್ದಾನೋ! ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೀತಿದ್ದೀನಿ.

ಪರೀಕ್ಷೆ ಇರೋದು ನಿಜ, ಮತ್ತು ಇರಲೇಬೇಕು. 1996ರ ನವೆಂಬರ್ 12ರ ಸಂಜೆ ದೆಹಲಿ ಹತ್ತಿರದ ಚರ್ಖಿ ದಾದ್ರಿಯ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾದವು. ಒಂದು ಸೌದಿ ವಿಮಾನ, ದೆಹಲಿಯಿಂದ ಮೇಲೇರ್ತಿತ್ತು. ಇನ್ನೊಂದು ಕಜಕಸ್ತಾನದ್ದು, ದೆಹಲಿಗೆ ಇಳೀತಿತ್ತು. ಸೌದಿ ವಿಮಾನಕ್ಕೆ 14,000 ಅಡಿಯಲ್ಲಿ ಇರು ಅಂತ ಹೇಳಿದ್ರು, ಕಜಕ್ ವಿಮಾನಕ್ಕೆ 15,000 ಅಡಿಯಲ್ಲಿ. ಅದು 15,000ದಲ್ಲಿ ನಿಲ್ಲದೆ ಇನ್ನೂ ಕೆಳಗೆ ಇಳೀತು. 349 ಜನ ಹೋದರು. ಸೌದಿಗೆ ದುಡಿಯೋಕೆ ಹೊರಟಿದ್ದವರೇ ಅದರಲ್ಲಿ ಬಹಳ.

ಕಜಕ್ ವಿಮಾನದಲ್ಲಿ ದೆಹಲಿ ಜೊತೆ ಇಂಗ್ಲೀಷಲ್ಲಿ ಮಾತಾಡ್ತಿದ್ದವನು ರೇಡಿಯೋ ಆಪರೇಟರ್. ವಿಮಾನ ನಡೆಸೋರು ಬೇರೆ, ಮಾತಾಡೋನು ಬೇರೆ. ನ್ಯಾಯಮೂರ್ತಿ ಆರ್.ಸಿ. ಲಾಹೋಟಿಯವರ ತನಿಖೆ, ಆ ಸಿಬ್ಬಂದಿಗೆ ಇಂಗ್ಲೀಷ್ ಸಾಲದೆ ಸೂಚನೆಯನ್ನ ತಪ್ಪಾಗಿ ತಿಳ್ಕೊಂಡದ್ದನ್ನೂ ಕಾರಣಗಳಲ್ಲಿ ಒಂದಾಗಿ ಹೇಳಿತು. ಅದೊಂದೇ ಕಾರಣ ಅಲ್ಲ. ಹೋಗೋ ಬರೋ ವಿಮಾನಗಳಿಗೆ ಆಗ ಇದ್ದದ್ದು ಒಂದೇ ದಾರಿ. ಆದ್ರೂ ಮಾತು ಅರ್ಥವಾಗದೆ ಜೀವ ಹೋಗಬಹುದು ಅನ್ನೋದಕ್ಕೆ ಬೇರೆ ಉದಾಹರಣೆ ಬೇಡ.

ಇಂಥ ಅಪಘಾತಗಳ ನಂತರವೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಕಾವೋ) 2003ರಲ್ಲಿ ಭಾಷೆಯ ನಿಯಮ ಬಿಗಿ ಮಾಡಿತು. 2008ರ ಮಾರ್ಚ್‌ನಿಂದ ಜಾರಿ ಅಂದ್ರು. ತಯಾರಾಗದ ದೇಶಗಳಿಗೆ 2011ರ ಮಾರ್ಚ್‌ವರೆಗೆ ಸಮಯ ಸಿಕ್ಕಿತು. ಒಟ್ಟು ಆರು ಲೆವೆಲ್. ನಾಲ್ಕು ಬಂದ್ರೆ ಪಾಸು. ಉಚ್ಚಾರ, ವ್ಯಾಕರಣ, ಪದಗಳು, ಸರಾಗ, ಕೇಳಿ ತಿಳಿಯೋದು, ಉತ್ತರ ಕೊಡೋದು, ಹೀಗೆ ಆರು ವಿಷಯ ನೋಡ್ತಾರೆ. ಯಾವುದರಲ್ಲಿ ಕಡಿಮೆಯೋ ಅದೇ ನಿಮ್ಮ ಲೆವೆಲ್.

ನನಗೆ ಖುಷಿ ಕೊಟ್ಟದ್ದು ಈ ನಾಲ್ಕನೇ ಲೆವೆಲ್‌ನ ವಿವರಣೆ. ಉಚ್ಚಾರದಲ್ಲಿ ತಾಯ್ನುಡಿಯ ಛಾಯೆ ಇರಬಹುದು, ಅದು ಕೇಳೋರಿಗೆ ಆಗೀಗ ಮಾತ್ರ ತೊಡಕಾಗಬೇಕು. ವ್ಯಾಕರಣ ತಪ್ಪಬಹುದು, ಆದ್ರೆ ಅರ್ಥ ಕೆಡೋದು ಅಪರೂಪ ಆಗಿರಬೇಕು. ಅಷ್ಟೆ! ಇಂಗ್ಲೀಷರ ಹಾಗೆ ನಾಲಿಗೆ ತಿರುಗಿಸಬೇಕು ಅಂತ ಎಲ್ಲೂ ಇಲ್ಲ.

ಇನ್ನೊಂದು ಮಜಾ ಕೇಳಿ. ರೇಡಿಯೋದಲ್ಲಿ ಮೂರಕ್ಕೆ 'ತ್ರೀ' ಅನ್ನದೆ 'ಟ್ರೀ' ಅನ್ನಬೇಕು, ಸಾವಿರಕ್ಕೆ 'ಟೌಸಂಡ್', ಐದಕ್ಕೆ 'ಫೈಫ್', ಒಂಬತ್ತಕ್ಕೆ 'ನೈನರ್'. ಇದು ಐಕಾವೋ ಬರೆದಿಟ್ಟ ಅಧಿಕೃತ ಉಚ್ಚಾರ! ನಮ್ಮ ಶಾಲೇಲಿ ಹುಡುಗ 'ಟೌಸಂಡ್' ಅಂದ್ರೆ ಇಡೀ ಕ್ಲಾಸು ನಗ್ತದೆ. ಆಕಾಶದಲ್ಲಿ ಅದೇ ಸರಿ :)

ಹಾಗಂತ ನಾಲ್ಕು ವಾಕ್ಯ ಬಾಯಿಪಾಠ ಮಾಡಿದ್ರೆ ಸಾಲದು. 1990ರ ಜನವರಿ 25ರಂದು ಕೊಲಂಬಿಯಾದ ಅವಿಯಾಂಕಾ ವಿಮಾನ ನ್ಯೂಯಾರ್ಕ್ ಹತ್ತಿರ ಇಂಧನ ಮುಗಿದು ಬಿತ್ತು, 73 ಜನ ಸತ್ತರು. ಎಮರ್ಜೆನ್ಸಿ ಅಂತ ಹೇಳು ಅಂತ ಕ್ಯಾಪ್ಟನ್ ಸ್ಪ್ಯಾನಿಷ್‌ನಲ್ಲಿ ಹೇಳಿದ್ದ. ಕೋಪೈಲಟ್ ರೇಡಿಯೋದಲ್ಲಿ ಬೇರೆ ಮಾತಿನ ಕೊನೆಗೆ 'ಇಂಧನ ಮುಗೀತಾ ಇದೆ' ಅಂತ ಸೇರಿಸಿದ. 'ಎಮರ್ಜೆನ್ಸಿ' ಅನ್ನೋ ಶಬ್ದ ಅವನ ಬಾಯಿಂದ ಬರಲೇ ಇಲ್ಲ. ಪರೀಕ್ಷೆ ಅಳೆಯಬೇಕಾದ್ದು ಇದನ್ನ: ಪ್ರಾಣಕ್ಕೆ ಬಂದಾಗ ಹೇಳಬೇಕಾದ್ದನ್ನ ಎದುರಿನವನಿಗೆ ಮುಟ್ಟಿಸ್ತೀಯಾ? ಇಂಗ್ಲೀಷ್ ತಾಯ್ನುಡಿಯಾಗಿರೋ ಪೈಲಟ್ಟಿಗೂ ಇದು ಅನ್ವಯಿಸ್ತದೆ. ಅವನೂ ತನ್ನೂರಿನ ಆಡುಮಾತು ಬಿಟ್ಟು ನಿಧಾನವಾಗಿ ಮಾತಾಡಬೇಕು.

ನನ್ನ ವಾದ ಇಷ್ಟೆ. ನಾನು ಕಂಡ ಇಂಗ್ಲೀಷ್ ಪರೀಕ್ಷೆಗಳಲ್ಲೆಲ್ಲ ಪೈಲಟ್ಟರದ್ದೇ ಹೆಚ್ಚು ನ್ಯಾಯದ್ದು. ಅಲ್ಲಿ ಅಳತೆಗೋಲು ಒಂದೇ, ಕೇಳಿದವನಿಗೆ ತಿಳೀತೋ ಇಲ್ಲವೋ. ನೆಲದ ಮೇಲೆ ನಾವು ನಡೆಸೋ ಇಂಟರ್ವ್ಯೂಗಳಲ್ಲಿ ಅಳೆಯೋದು ಯಾವ ಶಾಲೆ, ಯಾವ ಮನೆ ಅನ್ನೋದನ್ನ. ಎರಡಕ್ಕೂ 'ಇಂಗ್ಲೀಷ್ ಬರಬೇಕು' ಅಂತ ಒಂದೇ ಹೆಸರು ಇಟ್ಟು ಹುಡುಗರನ್ನ ಹೆದರಿಸ್ತೀವಿ.

ಇದೇ ಅಳತೆಗೋಲನ್ನ ವಿಮಾನದ ಹಿಂದಿನ ಸೀಟುಗಳಿಗೂ ತರಬೇಡವೇ? 2022ರ ಸೆಪ್ಟೆಂಬರಿನಲ್ಲಿ ವಿಜಯವಾಡದಿಂದ ಹೈದರಾಬಾದಿಗೆ ಹೊರಟಿದ್ದ ಒಬ್ಬ ಹೆಣ್ಣುಮಗಳನ್ನ ತುರ್ತು ಬಾಗಿಲ ಪಕ್ಕದ ಸೀಟಿನಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿದ್ರು. ಆಕೆಗೆ ಬರ್ತಿದ್ದದ್ದು ತೆಲುಗು ಮಾತ್ರ. ತೆಲುಗರ ಊರಿಂದ ತೆಲುಗರ ಊರಿಗೆ ಹೋಗೋ ವಿಮಾನ! ಪೈಲಟ್ಟಿಗೆ ಕಂಟ್ರೋಲರ್ ಮಾತು ತಿಳೀಬೇಕು ಅನ್ನೋದು ಸುರಕ್ಷತೆ ಆದ್ರೆ, ಬೆಂಗಳೂರಿಂದ ಹುಬ್ಬಳ್ಳಿಗೆ ಹೊರಟ ನಮ್ಮವ್ವನಿಗೆ ಬಾಗಿಲು ಎಲ್ಲಿದೆ ಅಂತ ಕನ್ನಡದಲ್ಲಿ ತಿಳಿಸೋದೂ ಸುರಕ್ಷತೆನೇ. ಅದನ್ನ ಭಾಷಾಭಿಮಾನದ ಗಲಾಟೆ ಅಂತ ಯಾಕೆ ತಳ್ಳಿಹಾಕಬೇಕು?

ಹುಡುಗನಿಗೆ ಸುಳ್ಳು ಧೈರ್ಯ ಹೇಳಲಿಲ್ಲ. ಪುಸ್ತಕ ಎಲ್ಲ ಇಂಗ್ಲೀಷಲ್ಲೇ, ಗಣಿತ ಭೌತಶಾಸ್ತ್ರ ಬೇಕು, ಮೆಡಿಕಲ್ ಇದೆ, ಫೀಸು ಲಕ್ಷಗಟ್ಟಲೆ. ನಿಜವಾದ ಗೋಡೆ ಆ ಫೀಸು. ಇಂಗ್ಲೀಷು ದಿನಾ ಮಾತಾಡಿ ಕಲೀಬಹುದಾದ್ದು.

"ಹಂಗಾದ್ರ ರೊಕ್ಕದ್ದು ಅಷ್ಟ ನೋಡ್ರಿ ಮಾಮಾ" ಅಂತ ನಕ್ಕ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ನೀವೇನಂತೀರಿ?