ಭೂಮಿ ನಮ್ಮದು, ವಕಾಲತ್ತು ಯಾರದು?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕಿನ ನಮ್ಮ ಜನ ಕೈತಪ್ಪಿದ ಮಂಜೂರಿ ಜಮೀನು ಕೇಳಬೇಕಾದರೆ ಮಧುಗಿರಿ ಎ.ಸಿ. ಕೋರ್ಟಿನ ಮೆಟ್ಟಿಲು ಹತ್ತಲೇಬೇಕು. ದೇವರಾಜ ಅರಸು ಕಾಲದ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಆ ದಾರಿ ತೆರೆಯಿತು. ಜಮೀನು ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕಾಯ್ದೆಯೇ ಗೆದ್ದಿತು.

ಕಾಯ್ದೆ ಗೆದ್ದರೂ ನಮ್ಮ ಅಪ್ಪಂದಿರು ಯಾಕೆ ಸೋಲ್ತಾರೆ? ಎದುರು ಪಾರ್ಟಿ ವಕೀಲನ ಜೊತೆ ಬರ್ತಾನೆ. ನಮ್ಮವರು ಕೂಲಿ ಬಿಟ್ಟು ಬಂದು, ವಾಯಿದೆ ತಗೊಂಡು ವಾಪಸ್ಸು ಹೋಗ್ತಾರೆ. ಮಂಜೂರಾದ ಜಮೀನು ಬೇರೆಯವನ ಸ್ವಾಧೀನದಲ್ಲಿದ್ದರೆ ಆ ವರ್ಗಾವಣೆ ಅನೂರ್ಜಿತವೆಂದೇ ಕಾಯ್ದೆ ಭಾವಿಸುತ್ತದೆ. ಅಲ್ಲ ಅಂತ ರುಜುವಾತು ಮಾಡಬೇಕಾದವನು ಅವನು. ಇದನ್ನು ಎದ್ದು ನಿಂತು ಹೇಳುವ ಬಾಯಿ ನಮ್ಮ ಕಡೆ ಇಲ್ಲ.

ಆ ಬಾಯಿಗೆ ದುಡ್ಡು ಕೊಡಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ ವರಮಾನದ ಮಿತಿಯಿಲ್ಲದೆ ಉಚಿತ ವಕೀಲ ಸಿಗಬೇಕು. ಆ ಕಾಯ್ದೆಯಲ್ಲಿ 'ನ್ಯಾಯಾಲಯ' ಅಂದರೆ ಕಂದಾಯ ನ್ಯಾಯಾಲಯವೂ ಸೇರಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಇದು ಭಿಕ್ಷೆಯಲ್ಲ, ಹಕ್ಕು. ಕೊಟ್ಟ ವಕೀಲ ವಿಚಾರಣೆಗೆ ಬರದಿದ್ದರೆ ಸಮಿತಿಗೇ ದೂರು ಬರೆಯಿರಿ.

'ಗೆದ್ದರೆ ಅರ್ಧ ಜಮೀನು ನನಗೆ' ಅನ್ನುವವರಿಗೆ ಕೈಮುಗಿದು ಹೊರಗೆ ಬನ್ನಿ. ಹಾಗೆ ಕೇಳುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಬಿಳಿಪಂಚೆಯಿಂದ ಬಿಡಿಸಿ ಕರಿಕೋಟಿಗೆ ಬರೆದುಕೊಡೋದಕ್ಕೆ ಹೋರಾಟ ಬೇಕೇ?

ಎ.ಸಿ. ಆದೇಶ ವಿರುದ್ಧ ಬಂದರೆ, ಅದು ಕೈಸೇರಿದ ಮೂರು ತಿಂಗಳೊಳಗೆ ತುಮಕೂರಿನಲ್ಲಿ ಡಿ.ಸಿ. ಮುಂದೆ ಅಪೀಲು ಹಾಕಬೇಕು. ಅರ್ಜಿ ಹಾಕೋದಕ್ಕೂ ತಡ ಮಾಡಬೇಡಿ. ತಡವಾಯಿತೆಂಬ ಕಾರಣಕ್ಕೆ 2017ರಲ್ಲಿ ಸುಪ್ರೀಂ ಕೋರ್ಟು ನೆಕ್ಕಂಟಿ ಪ್ರಕರಣದಲ್ಲಿ ಜಮೀನು ವಾಪಸಾತಿ ಒಪ್ಪಲಿಲ್ಲ. ಆಮೇಲೆ ಅರ್ಜಿಗಳು ಸಾಲುಸಾಲು ಬಿದ್ದವು. ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ಬಂತು. ಆದರೂ 2024ರಲ್ಲಿ ಹೈಕೋರ್ಟು ತಡವನ್ನು ಲೆಕ್ಕಕ್ಕೆ ಹಿಡಿಯಿತು. ತಿದ್ದುಪಡಿ ನಂಬಿ ಕೂತರೆ ಹೊಲ ಬರೋದಿಲ್ಲ.

ಹಾಸ್ಟೆಲಿನ ಗೆಳೆಯರೇ, ರಜಕ್ಕೆ ಊರಿಗೆ ಹೋದಾಗ ಸಾಗುವಳಿ ಚೀಟಿ, ಪಹಣಿ, ವಂಶವೃಕ್ಷ ಹುಡುಕಿ. ಮಂಜೂರಾತಿ ಆದೇಶ ಸಿಗದಿದ್ದರೆ 2005ರ ಮಾಹಿತಿ ಹಕ್ಕಿನಡಿ ತಾಲ್ಲೂಕು ಕಚೇರಿಯಲ್ಲಿ ಕೇಳಿ. ವಾಯಿದೆಯ ದಿನ ಅಪ್ಪನ ಜೊತೆ ಹೋಗಿ. ವಕಾಲತ್ತಿಗೆ ಅಪ್ಪ ಹೆಬ್ಬೆಟ್ಟು ಒತ್ತುವ ಮುಂಚೆ ಅದರಲ್ಲಿ ಏನು ಬರೆದಿದೆಯೆಂದು ಗಟ್ಟಿಯಾಗಿ ಓದಿ ಹೇಳಿ. ನಾವು ಕಲಿತ ಅಕ್ಷರಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ.