ಎರಡು ಕಿವಿಗಳ ನಡುವಣ ಕಾಲ

ಹೋದ ವರ್ಷ ನಮ್ಮ ಎಡಗಿವಿ ಮಂದವಾಯಿತು. ಮಾತು ಕೇಳುತ್ತದೆ, ಎತ್ತಣಿಂದ ಬಂತೆಂಬುದು ಮಾತ್ರ ತಿಳಿಯದು. ಓಣಿಯಲ್ಲಿ ಸೈಕಲ್ಲಿನ ಗಂಟೆ ಕೇಳಿ ನಾವು ಸರಿದುದು ಸೈಕಲ್ಲು ಬರುತ್ತಿದ್ದ ಬದಿಗೇ! ಒಂದು ಕಿವಿ ಏಕೆ ಸಾಲದೆಂಬ ವಿಚಾರ ಅಂದಿನಿಂದ ನಮ್ಮ ಬೆನ್ನು ಹತ್ತಿತು.

ಬಲಗಡೆಯ ಸದ್ದು ಬಲಗಿವಿಯನ್ನು ಮೊದಲು ಮುಟ್ಟುತ್ತದೆ, ಎಡಗಿವಿಯನ್ನು ಅನಂತರ. ಈ ಅಂತರ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಮಿದುಳು ಅದನ್ನೂ ಅಳೆಯುತ್ತದೆ. ನುರಿತ ಕಿವಿಗಳಿಗೆ ಲಕ್ಷದಲ್ಲೊಂದು ಪಾಲೂ ಸಾಕು.

ಅಳೆಯುವ ಬಗೆ ಹೇಗೆ? 1948ರಲ್ಲಿ ಅಮೆರಿಕೆಯ ಮನಶ್ಶಾಸ್ತ್ರಜ್ಞ ಲಾಯ್ಡ್ ಜೆಫ್ರೆಸ್ ಒಂದು ಊಹೆಯನ್ನು ಮುಂದಿಟ್ಟರು. ಎರಡು ಕಿವಿಗಳ ಸಂದೇಶಗಳು ಬೇರೆ ಬೇರೆ ಉದ್ದದ ನರತಂತುಗಳಲ್ಲಿ ಹರಿಯುತ್ತವೆ. ಮೊದಲು ಹೊರಟುದು ದೀರ್ಘ ದಾರಿ ಹಿಡಿದರೆ, ತಡವಾಗಿ ಹೊರಟುದು ಅದನ್ನು ಕೂಡಿಕೊಳ್ಳುತ್ತದೆ. ಯಾವ ನರಕೋಶದಲ್ಲಿ ಎರಡೂ ಏಕಕಾಲಕ್ಕೆ ಸೇರುವುವೋ ಆ ಕೋಶವೇ ದಿಕ್ಕನ್ನು ಸಾರುತ್ತದೆ. 1988ರಲ್ಲಿ ಕ್ಯಾಥರೀನ್ ಕಾರ್ ಮತ್ತು ಮಸಕಾಜು ಕೊನಿಶಿ ಕಣಜಗೂಬೆಯ ಮಿದುಳಿನಲ್ಲಿ ಇಂಥದೇ ಏರ್ಪಾಡನ್ನು ಕಂಡರು. ಕಗ್ಗತ್ತಲಲ್ಲಿ ಸದ್ದಿನಿಂದಲೇ ಇಲಿಯನ್ನು ಹಿಡಿಯುವ ಹಕ್ಕಿಯದು. ಅಪಶಕುನವೆಂದು ಅದಕ್ಕೆ ಕಲ್ಲೆಸೆಯುವವರು ಇದನ್ನು ಅರಿತಿಲ್ಲ. ಮನುಷ್ಯರಾದಿಯಾಗಿ ಸಸ್ತನಿಗಳಲ್ಲಿಯೂ ಇದೇ ಏರ್ಪಾಡು ಉಂಟೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ನಾವೀಗ ಗಂಟೆ ಕೇಳಿದೊಡನೆ ಸರಿಯುವುದಿಲ್ಲ. ನಿಂತು, ಎರಡೂ ಕಡೆ ತಿರುಗಿ ನೋಡುತ್ತೇವೆ.