ಆಮ್ಲೆಟ್ಟಲ್ಲ, ಆ ಬ್ರಶ್ಶು

‘ದಿ ಹಂಡ್ರೆಡ್ ಫುಟ್ ಜರ್ನಿ’ 2014ರ ಸಿನಿಮಾ. ಟಿ.ವಿ.ಯಲ್ಲಿ ಬಂತೆಂದರೆ ಸೊಲ್ಲಾಪುರದ ನಮ್ಮ ಮನೆಯಲ್ಲಿ ಅಡುಗೆ ತಡವಾಗುವುದು ಖಾತ್ರಿ. ಮುಂಬೈಯಿಂದ ಹೊರಟ ಕದಂ ಕುಟುಂಬ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹೋಟೆಲು ತೆರೆಯುತ್ತದೆ. ಎದುರಿಗೇ, ನೂರಡಿ ಆಚೆ, ಮಿಶೆಲಿನ್ ನಕ್ಷತ್ರ ಗಿಟ್ಟಿಸಿದ ಮೇಡಂ ಮ್ಯಾಲರಿಯ ರೆಸ್ಟೋರೆಂಟು. ಈ ಕಡೆ ಹಾಡಿನ ಅಬ್ಬರ, ಮಸಾಲೆಯ ಘಾಟು. ಆ ಕಡೆ ಇಸ್ತ್ರಿ ಹೊಡೆದ ಮೌನ. ಕದಂ ಮನೆಯ ಅಪ್ಪ ಓಂ ಪುರಿ, ಮೇಡಂ ಆಗಿರುವ ಹೆಲೆನ್ ಮಿರೆನ್ ಇಬ್ಬರೂ ಮೇಯರ್ ಬಳಿ ದೂರು ಒಯ್ಯುವುದೇ ಒಯ್ಯುವುದು. ನನಗೆ ತವರು ಅಕ್ಕಲಕೋಟದ ನಳದ ಸರದಿಯ ಜಗಳ ನೆನಪಾಗುತ್ತದೆ.

ಕೈ ಸುಟ್ಟುಕೊಂಡ ಕದಂ ಮನೆಯ ಮಗ ಹಸನ್ ಹೇಳಿಕೊಟ್ಟಂತೆ ಮೇಡಂ ಆಮ್ಲೆಟ್ ಮಾಡಿ, ಒಂದು ತುತ್ತು ತಿಂದು ಸೋಲುವ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ. ಊಟ ಜನರನ್ನು ಕೂಡಿಸುತ್ತದಂತೆ. ನನಗೇನೋ ಅನುಮಾನ. ಊಟಕ್ಕೆ ಅಷ್ಟು ಶಕ್ತಿ ಇದ್ದಿದ್ದರೆ ನಮ್ಮ ಕರ್ನಾಟಕ-ಮಹಾರಾಷ್ಟ್ರ ಗಡಿಯಲ್ಲಿ ತಂಟೆಯೇ ಇರಬಾರದಿತ್ತು.

ಸೊಲ್ಲಾಪುರದ ಪೇಟೆಯಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ನಾಲ್ಕರಲ್ಲೂ ಚೌಕಾಸಿ ನಡೆಯುತ್ತದೆ. ಎಣ್ಣೆ ಬಿಡುವವರೆಗೂ ಕುಟ್ಟಿದ ಶೇಂಗಾ ಹಿಂಡಿ ಊರ ಹೆಸರು ಹೊತ್ತು ಪುಣೆ, ಮುಂಬೈಗೆ ಹೋಗುತ್ತದೆ. ಕಟಕ ರೊಟ್ಟಿಯೂ ಅಷ್ಟೇ. ಎಳ್ಳಮಾಸಿಗೆ ಹೊಲದಲ್ಲಿ ಕುಳಿತು ಭಜ್ಜಿ, ಸಜ್ಜಿ ರೊಟ್ಟಿ ತಿನ್ನುವ ರೂಢಿ ಲಾತೂರಿನ ಮರಾಠಿಗರಿಗೂ ಉಂಟು. ನನ್ನ ಅತ್ತೆಮನೆಯವರು ಪುಣೆ ಕಡೆಯವರು, ಆಮಟಿಗೆ ಬೆಲ್ಲ ಹಾಕುವ ಜನ. ಮದುವೆಯಾದ ಹೊಸದರಲ್ಲಿ ಆ ಸಿಹಿ ಸಾರನ್ನು ನಾನು ಕಣ್ಣುಮುಚ್ಚಿ ನುಂಗುತ್ತಿದ್ದೆ. ನನ್ನ ಹಿಂಡಿಯ ಖಾರಕ್ಕೆ ಅವರು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ಈಗ ಡಬ್ಬಿ ಕೇಳಿ ಒಯ್ಯುತ್ತಾರೆ.

ಇಷ್ಟೆಲ್ಲ ಹಂಚಿಕೊಂಡು ತಿಂದವರ ನಡುವೆಯೇ 2022ರ ಕೊನೆ ಕಳೆದದ್ದು ಹೀಗೆ. ಸೊಲ್ಲಾಪುರ, ಅಕ್ಕಲಕೋಟದ ಕನ್ನಡ ಪ್ರದೇಶಗಳು ಕರ್ನಾಟಕ ಸೇರಬೇಕೆಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದ್ದೇ ತಡ, ಪುಣೆ ಜಿಲ್ಲೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಡಿಸೆಂಬರಿನಲ್ಲಿ ಬೆಳಗಾವಿಯ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಬಸ್ಸುಗಳು ನಿಂತವು. ಅಕ್ಕಲಕೋಟದ ಹಳ್ಳಿಗಳು ಕೇಳುತ್ತಿದ್ದ ರಸ್ತೆ, ನೀರಿನ ಮಾತು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಅದಕ್ಕೇ ಆ ಸಿನಿಮಾದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಬೇರೆಯೇ ದೃಶ್ಯ. ಕದಂ ಹೋಟೆಲಿಗೆ ಬೆಂಕಿಯಿಟ್ಟು, ಫ್ರಾನ್ಸ್ ಫ್ರೆಂಚರದ್ದು ಎಂದು ಗೋಡೆಗೆ ಗೀಚಿದವರಲ್ಲಿ ಮೇಡಂನ ಅಡುಗೆಯವನೂ ಒಬ್ಬ. ಅವನನ್ನು ಆಕೆ ಕೆಲಸದಿಂದ ತೆಗೆಯುತ್ತಾಳೆ. ಆಮೇಲೆ ತಾನೇ ಬ್ರಶ್ ಹಿಡಿದು ಆ ಗೋಡೆ ಉಜ್ಜುತ್ತಾಳೆ. ಆಮ್ಲೆಟ್ ರುಚಿ ನೋಡುವುದು ಅದಾದ ಮೇಲಿನ ಮಾತು.

ಅದೇ ಲೆಕ್ಕದಲ್ಲಿ ಹಿರೇಬಾಗೇವಾಡಿಯಲ್ಲಿ ಒಡೆದ ಗಾಜನ್ನು ಗುಡಿಸಬೇಕಾದವರು ಕನ್ನಡದವರು, ಬಸ್ಸಿನ ಮಸಿ ತೊಳೆಯಬೇಕಾದವರು ಮರಾಠಿಗರು ಎಂದು ನಾದಿನಿಗೆ ಹೇಳಿದೆ. ‘ಮೊದಲು ನಿಮ್ಮವರು ಗುಡಿಸಲಿ’ ಎಂದಳು, ಹಿಂಡಿಯ ಡಬ್ಬಿಯನ್ನು ಚೀಲಕ್ಕೆ ಇಳಿಸುತ್ತಾ.